ಕಟ್ಟಡ ನಮ್ಮದಾದರೆ ಸಾಲದು: ಸಾರ್ವಭೌಮ ಕ್ಲೌಡ್ ನಡೆಸುವ ಕಲಿಕೆ

(ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಸಹಕಾರಿ ಬ್ಯಾಂಕುಗಳ ಐಟಿ ಸಿಬ್ಬಂದಿ ಮತ್ತು ಒಂದಿಷ್ಟು ಸರ್ಕಾರಿ ನೌಕರರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನೇರವಾಗಿ ಒಂದು ಘಟನೆಯಿಂದಲೇ ಶುರು ಮಾಡುತ್ತೇನೆ.

2025ರ ಸೆಪ್ಟೆಂಬರ್ 26ರ ರಾತ್ರಿ ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರಿನಲ್ಲಿ ಬೆಂಕಿ ಬಿತ್ತು. ಯುಪಿಎಸ್‌ನ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಬೇರೆಡೆಗೆ ಸಾಗಿಸುವ ಕೆಲಸ ನಡೆಯುತ್ತಿದ್ದಾಗ ಹೊತ್ತಿಕೊಂಡ ಬೆಂಕಿ ಅದು. 647 ಸರ್ಕಾರಿ ವ್ಯವಸ್ಥೆಗಳು ನಿಂತವು ಎಂದು ಮೊದಲು ಹೇಳಿದರು. ಆಮೇಲೆ ಎಣಿಸಿ ನೋಡಿದಾಗ ಸಂಖ್ಯೆ 709 ಆಯಿತು. ಅಂಚೆ ಕಚೇರಿಯ ಹಣ ವರ್ಗಾವಣೆ, ಮೊಬೈಲ್ ಗುರುತಿನ ಚೀಟಿ, ಜನ ಅರ್ಜಿ ಹಾಕುವ ಪೋರ್ಟಲ್, ಎಲ್ಲಕ್ಕೂ ಪೆಟ್ಟು ಬಿತ್ತು. ನಿಂತವುಗಳನ್ನು ಒಂದೊಂದಾಗಿ ಮೇಲೆತ್ತಿದರು. ಮೇಲೆತ್ತಲಾಗದೆ ಹೋದದ್ದು ಜಿ-ಡ್ರೈವ್, ಅಂದರೆ ಸರ್ಕಾರಿ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ ಕ್ಲೌಡ್ ಸಂಗ್ರಹ. 858 ಟೆರಾಬೈಟ್ ಸುಟ್ಟುಹೋಯಿತು. ಗಾತ್ರ ದೊಡ್ಡದು, ವೇಗ ಕಡಿಮೆ ಎಂಬ ಕಾರಣಕ್ಕೆ ಅದಕ್ಕೆ ಹೊರಗೆಲ್ಲೂ ಬ್ಯಾಕಪ್ ಇರಲಿಲ್ಲ. ಎಲ್ಲರಿಗಿಂತ ಹೆಚ್ಚು ನಷ್ಟವಾದದ್ದು ಸಿಬ್ಬಂದಿ ನಿರ್ವಹಣಾ ಸಚಿವಾಲಯಕ್ಕೆ. ಅಲ್ಲಿಯವರು ಕಡತಗಳನ್ನು ಸ್ವಂತ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳದೆ ಜಿ-ಡ್ರೈವ್‌ನಲ್ಲೇ ಇಡಬೇಕೆಂಬ ನಿಯಮವನ್ನು ಪಾಲಿಸಿಕೊಂಡು ಬಂದವರು.

ಈ ಘಟನೆಯನ್ನು ಮೊದಲು ಹೇಳಿದ್ದಕ್ಕೆ ಕಾರಣವಿದೆ. ಸಾರ್ವಭೌಮ ಕ್ಲೌಡ್ (ದೇಶದ ಡೇಟಾ ಆ ದೇಶದ ಕಾನೂನು ಮತ್ತು ಹಿಡಿತದಲ್ಲೇ ಇರುವ ಕ್ಲೌಡ್) ಎಂದಾಗ ನಾವು ಸಾಮಾನ್ಯವಾಗಿ ಕೇಳುವ ಷರತ್ತುಗಳೆಲ್ಲ ಅಲ್ಲಿ ಪೂರೈಸಿದ್ದವು. ನೆಲ ಆ ದೇಶದ್ದು, ಕಟ್ಟಡ ಸರ್ಕಾರದ್ದು, ಅನ್ವಯಿಸುವ ಕಾನೂನು ಅವರದೇ. ಹೊರಗಿನ ಯಾವ ಶಕ್ತಿಯೂ ಅವರ ಡೇಟಾಕ್ಕೆ ಕೈ ಹಾಕಲಿಲ್ಲ. ಆದರೂ ಡೇಟಾ ಉಳಿಯಲಿಲ್ಲ.

ಅದೇ ವರ್ಷದ ಜುಲೈನಲ್ಲಿ ನಮ್ಮ ದೇಶದಲ್ಲಿ ಇದಕ್ಕೆ ಪೂರ್ತಿ ವಿರುದ್ಧವಾದ ಇನ್ನೊಂದು ಪ್ರಕರಣ ನಡೆಯಿತು. ಗುಜರಾತಿನ ವಾಡಿನಾರ್‌ನಲ್ಲಿ ತೈಲ ಸಂಸ್ಕರಣಾಗಾರ ನಡೆಸುವ ನಯಾರಾ ಎನರ್ಜಿಯಲ್ಲಿ ರಷ್ಯಾದ ರೋಸ್‌ನೆಫ್ಟ್ ಪಾಲುದಾರ. ಐರೋಪ್ಯ ಒಕ್ಕೂಟ ಆ ಕಂಪನಿಯ ಮೇಲೆ ನಿರ್ಬಂಧ ಹೇರಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ತನ್ನ ಸೇವೆ ನಿಲ್ಲಿಸಿತು. ಲೈಸೆನ್ಸಿಗೆ ಪೂರ್ತಿ ಹಣ ಕಟ್ಟಿದ್ದೇವೆ, ಆದರೂ ನಮ್ಮದೇ ಡೇಟಾ ನಮಗೆ ಸಿಗುತ್ತಿಲ್ಲ ಎಂದು ನಯಾರಾ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತು. ಸ್ವಲ್ಪ ದಿನಕ್ಕೇ ಸೇವೆ ಮರಳಿತು. ಆ ನಿರ್ಬಂಧದ ಸರಿತಪ್ಪು ಇಲ್ಲಿ ನನ್ನ ವಿಷಯವಲ್ಲ. ನಾನು ನೋಡುವುದು ಇಷ್ಟು: ಭಾರತದ ಕಂಪನಿ, ಭಾರತದ ನೌಕರರು, ಅಮೆರಿಕದ ಪೂರೈಕೆದಾರ, ಯೂರೋಪಿನ ಆದೇಶ. ಭಾರತದ ಯಾವ ಕಾನೂನೂ ಹೇಳದಿದ್ದರೂ ಇಮೇಲ್ ನಿಂತುಹೋಯಿತು.

ಈ ಎರಡು ಪ್ರಕರಣಗಳ ನಡುವೆ ನಮ್ಮ ವೃತ್ತಿ ನಿಂತಿದೆ. ಒಂದು ಕಡೆ ಎಲ್ಲವೂ ಸ್ವಂತದ್ದು, ಕಾಪಾಡುವ ಶಿಸ್ತು ಇರಲಿಲ್ಲ. ಇನ್ನೊಂದು ಕಡೆ ನುರಿತವರು ನಡೆಸುವ ಸೇವೆ, ಅದರ ಸ್ವಿಚ್ಚು ಬೇರೆಯವರ ಕೈಲಿ. ನನ್ನ ಇವತ್ತಿನ ಮಾತೆಲ್ಲ ಒಂದೇ ವಿಷಯದ ಸುತ್ತ: ಸರ್ವರ್ ಯಾವ ಊರಿನಲ್ಲಿದೆ ಎಂಬುದಕ್ಕಿಂತ, ಅದು ನಿಂತುಹೋದ ದಿನ ಅದನ್ನು ಇನ್ನೊಂದು ಕಡೆ ಎಬ್ಬಿಸಬಲ್ಲವರು ನಮ್ಮಲ್ಲಿ ಇದ್ದಾರೆಯೇ ಎಂಬುದರ ಮೇಲೆ ಸಾರ್ವಭೌಮತೆ ನಿಂತಿದೆ. ಹಾಗಾಗಿ ಇದನ್ನು ಖರೀದಿಯ ಪ್ರಶ್ನೆಯಾಗಿ ನೋಡುವುದಕ್ಕಿಂತ ಕಲಿಕೆಯ ಪ್ರಶ್ನೆಯಾಗಿ ನೋಡಬೇಕು ಎಂದು ನಾನು ನಂಬಿದ್ದೇನೆ.

ಮೊದಲು ಕಾನೂನಿನ ಕಡೆ ಬರೋಣ. ಎಂಜಿನಿಯರುಗಳು ಇದನ್ನು ವಕೀಲರಿಗೆ ಬಿಟ್ಟುಬಿಡುತ್ತಾರೆ, ಅದು ಸರಿಯಲ್ಲ. 2013ರಲ್ಲಿ ಅಮೆರಿಕದ ತನಿಖಾಧಿಕಾರಿಗಳು ಒಬ್ಬರ ಇಮೇಲ್ ಕೊಡಿ ಎಂದು ಮೈಕ್ರೋಸಾಫ್ಟ್‌ಗೆ ವಾರಂಟ್ ಕೊಟ್ಟರು. ಇಮೇಲ್ ಇದ್ದದ್ದು ಐರ್ಲೆಂಡಿನ ಡಬ್ಲಿನ್‌ನಲ್ಲಿ. ಬೇರೆ ದೇಶದಲ್ಲಿರುವುದನ್ನು ಹೀಗೆ ಕೇಳುವಂತಿಲ್ಲ ಎಂದು ಕಂಪನಿ ವಾದಿಸಿತು, ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ತೀರ್ಪು ಬರುವ ಮೊದಲೇ, 2018ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಕ್ಲೌಡ್ ಆ್ಯಕ್ಟ್ ಜಾರಿಗೆ ಬಂತು. ಡೇಟಾ ಯಾವ ದೇಶದಲ್ಲಿದ್ದರೂ ಅದು ಅಮೆರಿಕದ ಕಂಪನಿಯ ಹಿಡಿತದಲ್ಲಿದ್ದರೆ ಕೊಡಲೇಬೇಕು ಎಂದಿತು ಆ ಕಾಯಿದೆ. 2020ರ ಜುಲೈನಲ್ಲಿ ಐರೋಪ್ಯ ನ್ಯಾಯಾಲಯ, ಆಸ್ಟ್ರಿಯಾದ ಖಾಸಗಿತನ ಹೋರಾಟಗಾರ ಮ್ಯಾಕ್ಸ್ ಶ್ರೆಮ್ಸ್ ಕೊಟ್ಟ ದೂರಿನಿಂದ ಹುಟ್ಟಿದ ಪ್ರಕರಣದಲ್ಲಿ, ಯೂರೋಪಿನಿಂದ ಅಮೆರಿಕಕ್ಕೆ ಡೇಟಾ ಹೋಗಲು ಇದ್ದ ಪ್ರೈವಸಿ ಶೀಲ್ಡ್ ಒಪ್ಪಂದವನ್ನೇ ರದ್ದು ಮಾಡಿತು. 2025ರ ಜೂನ್‌ನಲ್ಲಿ ಫ್ರಾನ್ಸಿನ ಸೆನೆಟ್ ಸಮಿತಿಯ ಮುಂದೆ ಮೈಕ್ರೋಸಾಫ್ಟ್ ಫ್ರಾನ್ಸಿನ ಕಾನೂನು ಅಧಿಕಾರಿಯನ್ನು ಕೂರಿಸಿ ಕೇಳಿದರು: ಫ್ರೆಂಚ್ ನಾಗರಿಕರ ಡೇಟಾ ಫ್ರಾನ್ಸಿನ ಒಪ್ಪಿಗೆಯಿಲ್ಲದೆ ಅಮೆರಿಕ ಸರ್ಕಾರಕ್ಕೆ ಹೋಗುವುದಿಲ್ಲ ಎಂದು ಪ್ರಮಾಣ ಮಾಡಿ ಹೇಳುತ್ತೀರಾ? ಹಾಗೆ ಖಾತರಿ ಕೊಡಲಾಗದು ಎಂದು ಅವರು ಒಪ್ಪಿಕೊಂಡರು.

ನಮ್ಮ ದೇಶ ಇನ್ನೊಂದು ದಾರಿಯಲ್ಲಿ ಬಂತು. 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಒಂದು ಚಿಕ್ಕ ಸುತ್ತೋಲೆ ಹೊರಡಿಸಿತು: ಪಾವತಿ ವ್ಯವಸ್ಥೆಯ ಡೇಟಾ ಪೂರ್ತಿಯಾಗಿ ಭಾರತದಲ್ಲೇ ಇರಬೇಕು, ಆರು ತಿಂಗಳಲ್ಲಿ ಜಾರಿಯಾಗಬೇಕು. ಅದನ್ನು ಪಾಲಿಸಲಿಲ್ಲವೆಂದು 2021ರ ಜುಲೈನಲ್ಲಿ ಮಾಸ್ಟರ್‌ಕಾರ್ಡ್ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳದಂತೆ ತಡೆದರು; ಆ ತಡೆ ತೆರವಾದದ್ದು ಮುಂದಿನ ವರ್ಷ. ಅಮೆರಿಕನ್ ಎಕ್ಸ್‌ಪ್ರೆಸ್, ಡೈನರ್ಸ್ ಕ್ಲಬ್ ಮೇಲೂ ಇಂಥದೇ ಕ್ರಮ ಆಗಿತ್ತು. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ ನಿರ್ದೇಶನ ಬಂತು: ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ (ವ್ಯವಸ್ಥೆಯಲ್ಲಿ ಏನೇನು ನಡೆಯಿತೆಂಬ ದಾಖಲೆ) ಇಟ್ಟಿರಬೇಕು. 2023ರಲ್ಲಿ ಸೆಬಿಯ ಕ್ಲೌಡ್ ಚೌಕಟ್ಟು, ರಿಸರ್ವ್ ಬ್ಯಾಂಕಿನ ಐಟಿ ಹೊರಗುತ್ತಿಗೆ ನಿರ್ದೇಶನ, ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆ ಮೂರೂ ಬಂದವು. ಆ ಕಾಯಿದೆಯಲ್ಲಿ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು.

ಇವನ್ನು ನೀವು ಬಾಯಿಪಾಠ ಮಾಡಬೇಕಿಲ್ಲ. ಆದರೆ ನಿಯಮದ ಒಂದು ವಾಕ್ಯವನ್ನು ಓದಿ ಅದನ್ನು ಕಾನ್ಫಿಗರೇಶನ್ ಆಗಿ ಇಳಿಸುವುದನ್ನು ಕಲಿಯಬೇಕು. ಅದೊಂದು ಬೇರೆಯೇ ಕೌಶಲ, ಯಾವ ಕಾಲೇಜಿನಲ್ಲೂ ಪಾಠವಾಗಿ ನಾನು ನೋಡಿಲ್ಲ. 6 ಗಂಟೆಯಲ್ಲಿ ವರದಿ ಎಂಬುದನ್ನೇ ತೆಗೆದುಕೊಳ್ಳಿ. ರಾತ್ರಿ 2 ಗಂಟೆಗೆ ಅಲಾರಂ ಬಂದರೆ ಬೆಳಗ್ಗೆ 8ಕ್ಕೆ ವರದಿ ಹೋಗಬೇಕು. ಅಷ್ಟರೊಳಗೆ ಏನಾಯಿತೆಂದು ಹೇಳಬೇಕಾದರೆ ಫೈರ್‌ವಾಲ್, ಡೇಟಾಬೇಸ್, ಕ್ಲೌಡ್ ಖಾತೆ ಮೂರರ ಲಾಗ್‌ಗಳೂ ಒಂದೇ ಕಡೆ ಸೇರಿರಬೇಕು, ಮೂರರ ಗಡಿಯಾರಗಳೂ ಒಂದೇ ಸಮಯ ತೋರಿಸಬೇಕು. ಸಮಯವನ್ನು ಸರ್ಕಾರಿ ಐಟಿ ಸಂಸ್ಥೆ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎನ್‌ಟಿಪಿ ಸರ್ವರ್‌ಗೆ ಹೊಂದಿಸಿ ಎಂದು ಅದೇ ನಿರ್ದೇಶನ ಹೇಳುವುದು ಈ ಕಾರಣಕ್ಕೇ. ಐದು ನಿಮಿಷ ಹಿಂದಿರುವ ಒಂದು ಸರ್ವರ್ ಇದ್ದರೆ ದಾಳಿ ಎಲ್ಲಿಂದ ಎಲ್ಲಿಗೆ ಹೋಯಿತೆಂಬ ಕ್ರಮವೇ ತಲೆಕೆಳಗಾಗುತ್ತದೆ.

ಡೇಟಾ ಭಾರತದಲ್ಲೇ ಇರಲಿ ಎಂಬ ನಿಯಮವೂ ಹಾಗೇ. ಎಲ್ಲರೂ ಡೇಟಾಬೇಸನ್ನು ಮುಂಬೈ ರೀಜನ್‌ನಲ್ಲಿ (ಕ್ಲೌಡ್ ಕಂಪನಿಯ ಡೇಟಾ ಸೆಂಟರುಗಳ ಗುಂಪಿನಲ್ಲಿ) ಇಟ್ಟು ನಿಶ್ಚಿಂತರಾಗುತ್ತಾರೆ. ಸೋರಿಕೆ ಡೇಟಾಬೇಸಿನಿಂದ ಆಗುವುದು ಕಡಿಮೆ. ಸುತ್ತಲಿನ ಸಣ್ಣಪುಟ್ಟ ಜಾಗಗಳಿಂದ ಆಗುತ್ತದೆ. ಅಪ್ಲಿಕೇಶನ್ ಕ್ರ್ಯಾಶ್ ಆದಾಗ ಮೆಮೊರಿಯ ಒಂದು ಪ್ರತಿ ವಿದೇಶದ ಮಾನಿಟರಿಂಗ್ ಸೇವೆಗೆ ಹೋಗುತ್ತದೆ, ಅದರೊಳಗೆ ಗ್ರಾಹಕರ ಖಾತೆ ಸಂಖ್ಯೆ ಇರುತ್ತದೆ. ಯಾರೋ ಸಪೋರ್ಟ್ ಟಿಕೆಟ್‌ಗೆ ಸ್ಕ್ರೀನ್‌ಶಾಟ್ ಲಗತ್ತಿಸುತ್ತಾರೆ. ಡಿಬಗ್ ಲಾಗ್‌ನಲ್ಲಿ ಇಡೀ ವಿನಂತಿ ಅಚ್ಚಾಗಿರುತ್ತದೆ. ಫೈಲ್‌ಗಳನ್ನು ಇಡುವ ಆಬ್ಜೆಕ್ಟ್ ಸ್ಟೋರೇಜ್‌ನ ಪ್ರತಿಕೃತಿಯನ್ನು ಹಿಂದೆ ಯಾರೋ ಸಿಂಗಾಪುರಕ್ಕೆ ಆನ್ ಮಾಡಿಟ್ಟಿರುತ್ತಾರೆ. ಇದನ್ನೆಲ್ಲ ಹುಡುಕಿ ನಕ್ಷೆ ಮಾಡಬಲ್ಲವರಿಗೆ ಕ್ಲೌಡ್ ಗೊತ್ತಿರಬೇಕು, ಕಾನೂನೂ ಗೊತ್ತಿರಬೇಕು. ಅಂಥವರು ನಮ್ಮಲ್ಲಿ ತೀರಾ ಕಡಿಮೆ. ವಿದ್ಯಾರ್ಥಿಗಳೇ, ನಿಮಗೆ ಜಾಗವಿರುವುದು ಇಲ್ಲಿ.

ಈಗ ಕೀಗಳ ವಿಷಯ, ಅಂದರೆ ಡೇಟಾವನ್ನು ಎನ್‌ಕ್ರಿಪ್ಟ್ ಮಾಡಲು (ಗೂಢಲಿಪಿಗೆ ತಿರುಗಿಸಲು) ಮತ್ತು ಮತ್ತೆ ಬಿಡಿಸಲು ಬೇಕಾದ ರಹಸ್ಯ ಸಂಖ್ಯೆಗಳ ವಿಷಯ. ಡೇಟಾವನ್ನು ಎನ್‌ಕ್ರಿಪ್ಟ್ ಮಾಡಿದ್ದೇವೆ ಎಂದು ಎಲ್ಲರೂ ಹೇಳುತ್ತಾರೆ, ಕೀ ಯಾರ ಬಳಿ ಇದೆ ಎಂದು ಕೇಳುವವರು ಕಡಿಮೆ. ಕ್ಲೌಡ್ ಕಂಪನಿಯ ಕೀ ಸೇವೆಯಲ್ಲೇ ಕೀ ಇದ್ದರೆ, ಆ ಕಂಪನಿಗೆ ನ್ಯಾಯಾಲಯದ ಆದೇಶ ಬಂದ ದಿನ ಎನ್‌ಕ್ರಿಪ್ಶನ್ ನಿಮ್ಮ ನೆರವಿಗೆ ಬರುವುದಿಲ್ಲ. ನೀವೇ ಕೀ ತಯಾರಿಸಿ ಅವರ ಸೇವೆಗೆ ಹಾಕುವುದು ಒಂದು ಹಂತ. ಅದರಿಂದ ಹಿಡಿತ ಸ್ವಲ್ಪ ಹೆಚ್ಚುತ್ತದೆ, ಆದರೆ ಹಾಕಿದ ಮೇಲೆ ಕೀ ಅವರ ಯಂತ್ರದಲ್ಲೇ ಇರುತ್ತದೆ. ಕೀಯನ್ನು ನಿಮ್ಮ ಕಟ್ಟಡದ ಎಚ್‌ಎಸ್‌ಎಂ ಯಂತ್ರದಲ್ಲೇ (ಕೀ ಕಾಪಾಡಲೆಂದೇ ಮಾಡಿದ ಯಂತ್ರ) ಉಳಿಸಿಕೊಂಡು, ಕ್ಲೌಡ್ ಪ್ರತಿಸಲ ನಿಮ್ಮನ್ನು ಕೇಳುವಂತೆ ಮಾಡುವುದು ಇನ್ನೊಂದು ಹಂತ. ಈಗ ದೊಡ್ಡ ಕ್ಲೌಡ್‌ಗಳು ಇದಕ್ಕೆ ಅವಕಾಶ ಕೊಡುತ್ತವೆ. ಕೇಳಲು ಇದು ಉತ್ತಮ. ಆದರೆ ಆ ಯಂತ್ರ ನಿಂತರೆ ಕ್ಲೌಡ್‌ನಲ್ಲಿರುವ ನಿಮ್ಮ ಕೆಲಸವೆಲ್ಲ ನಿಲ್ಲುತ್ತದೆ, ಕೀ ಕಳೆದುಹೋದರೆ ಡೇಟಾ ಯಾರಿಗೂ ಇಲ್ಲ.

ಬ್ಯಾಂಕಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಲಾಕರ್ ತೆರೆಯಲು ಬ್ಯಾಂಕಿನ ಕೀಯೂ ಬೇಕು, ಗ್ರಾಹಕರ ಕೀಯೂ ಬೇಕು. ಎಚ್‌ಎಸ್‌ಎಂನಲ್ಲೂ ಮುಖ್ಯ ಕೀಯನ್ನು ಪಾಲು ಮಾಡಿ ಐದು ಜನರಿಗೆ ಕೊಟ್ಟು, ಮೂವರು ಸೇರಿದರೆ ಮಾತ್ರ ತೆರೆಯುವ ಹಾಗೆ ಮಾಡುತ್ತಾರೆ. ತಂತ್ರಜ್ಞಾನ ಕಷ್ಟವಲ್ಲ. ಕಷ್ಟವಾಗುವುದು ಆಮೇಲೆ. ಐವರಲ್ಲಿ ಒಬ್ಬರು ವರ್ಗವಾಗುತ್ತಾರೆ, ಒಬ್ಬರು ನಿವೃತ್ತರಾಗುತ್ತಾರೆ, ಒಬ್ಬರು ಕೆಲಸ ಬಿಟ್ಟು ಹೋಗುತ್ತಾರೆ. ಅವರ ಸ್ಮಾರ್ಟ್ ಕಾರ್ಡ್ ಯಾವ ಬೀರುವಿನಲ್ಲಿದೆ, ಪಿನ್ ಯಾರಿಗೆ ಗೊತ್ತು ಎಂದು ಯಾರೂ ಬರೆದಿಡುವುದಿಲ್ಲ. ಕಚೇರಿಯಲ್ಲಿ ಚಾರ್ಜ್ ಹಸ್ತಾಂತರಿಸುವ ಪಟ್ಟಿಯಲ್ಲಿ ಲ್ಯಾಪ್‌ಟಾಪ್ ಇರುತ್ತದೆ, ಗುರುತಿನ ಚೀಟಿ ಇರುತ್ತದೆ. ಕೀ ಪಾಲೂ ಅದರಲ್ಲಿ ಇರಬೇಕು. ವರ್ಷಕ್ಕೊಮ್ಮೆಯಾದರೂ ಆ ಮೂವರನ್ನು ನಿಜವಾಗಿ ಒಂದು ಕೋಣೆಯಲ್ಲಿ ಕೂರಿಸಿ ಕೀ ತೆರೆದು ನೋಡಬೇಕು.

ಹೈಬ್ರಿಡ್ ಕ್ಲೌಡ್ ಎಂದರೆ ಸ್ವಂತ ಡೇಟಾ ಸೆಂಟರ್ ಸ್ವಲ್ಪ, ಹೊರಗಿನ ಕ್ಲೌಡ್ ಸ್ವಲ್ಪ ಎಂದು ಹೇಳಿ ಮುಗಿಸುವವರಿದ್ದಾರೆ. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2011ರಲ್ಲಿ ಕೊಟ್ಟ ವ್ಯಾಖ್ಯೆ ಅದಕ್ಕಿಂತ ಹೆಚ್ಚು ಕೇಳುತ್ತದೆ: ಎರಡರ ನಡುವೆ ಡೇಟಾ ಮತ್ತು ಅಪ್ಲಿಕೇಶನ್ ಓಡಾಡಲು ಆಗಬೇಕು. ಈ ಓಡಾಟವೇ ಕಷ್ಟದ ಭಾಗ. ಎರಡೂ ಕಡೆ ಒಂದೇ ಐಪಿ ವಿಳಾಸಗಳು ಬಳಕೆಯಲ್ಲಿರುತ್ತವೆ, ಜೋಡಿಸಿದ ದಿನ ಡಿಕ್ಕಿ. ಎರಡನ್ನೂ ಜೋಡಿಸುವ ವಿಪಿಎನ್ ಮೂಲಕ ಸಣ್ಣ ಪ್ಯಾಕೆಟ್ (ಡೇಟಾದ ತುಣುಕು) ಹೋಗುತ್ತದೆ, ದೊಡ್ಡದು ಸದ್ದಿಲ್ಲದೆ ಬಿದ್ದುಹೋಗುತ್ತದೆ. ಎಂಟಿಯು, ಅಂದರೆ ಪ್ಯಾಕೆಟ್ ಎಷ್ಟು ದೊಡ್ಡದಿರಬಹುದೆಂಬ ಮಿತಿ, ಗೊತ್ತಿಲ್ಲದವರು ಆ ಸಮಸ್ಯೆಯ ಹಿಂದೆ ಎರಡು ದಿನ ಅಲೆಯುತ್ತಾರೆ. ಇತ್ತ ಲಾಗಿನ್ ಒಂದು ಥರ, ಅತ್ತ ಇನ್ನೊಂದು ಥರ.

ದೂರದ ಲೆಕ್ಕವನ್ನಂತೂ ಮರೆಯಲೇಬಾರದು. ಕ್ಲೌಡ್ ಎಂಜಿನಿಯರುಗಳು ತುಂಬಿರುವ ಬೆಂಗಳೂರಿನಲ್ಲಿ ಮೂರು ದೊಡ್ಡ ಕ್ಲೌಡ್ ಕಂಪನಿಗಳ ಒಂದು ರೀಜನ್ ಕೂಡ ಇಲ್ಲ. ಅಮೆಜಾನ್‌ನ ಎಡಬ್ಲ್ಯುಎಸ್ ಇರುವುದು ಮುಂಬೈ, ಹೈದರಾಬಾದಿನಲ್ಲಿ. ಗೂಗಲ್ ಮುಂಬೈ, ದೆಹಲಿಯಲ್ಲಿ. ಮೈಕ್ರೋಸಾಫ್ಟ್ 2015ರಲ್ಲಿ ಪುಣೆ, ಚೆನ್ನೈ, ಮುಂಬೈಗಳಿಂದ ಶುರು ಮಾಡಿತು. ಸಮುದ್ರದಡಿಯ ಕೇಬಲ್‌ಗಳು ಹೆಚ್ಚಾಗಿ ದಡ ಸೇರುವುದು ಮುಂಬೈ ಮತ್ತು ಚೆನ್ನೈನಲ್ಲಿ, ಇದೂ ಒಂದು ಕಾರಣ. ಬೆಂಗಳೂರಿನಿಂದ ಮುಂಬೈಗೆ ಹೋಗಿಬರಲು ಪ್ಯಾಕೆಟ್‌ಗೆ ಇಪ್ಪತ್ತು ಮಿಲಿಸೆಕೆಂಡಿನ ಆಸುಪಾಸು ಬೇಕು ಎಂದಿಟ್ಟುಕೊಳ್ಳಿ. ಡೇಟಾಬೇಸ್ ಬೆಂಗಳೂರಿನಲ್ಲೇ ಉಳಿದು ಅಪ್ಲಿಕೇಶನ್ ಮಾತ್ರ ಮುಂಬೈಗೆ ಹೋದರೆ, ಒಂದು ಪುಟಕ್ಕೆ ಒಂದಾದ ಮೇಲೊಂದರಂತೆ 200 ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಮಾಡುವ ಹಳೆಯ ಸಾಫ್ಟ್‌ವೇರ್ ನಾಲ್ಕು ಸೆಕೆಂಡು ಬರೀ ಓಡಾಟಕ್ಕೇ ಕಳೆಯುತ್ತದೆ. ಕೌಂಟರಿನಲ್ಲಿ ನಿಂತ ಗ್ರಾಹಕರು ಕಾಯುತ್ತಾರೆ, ಬೈಗುಳ ಕ್ಲೌಡ್‌ಗೆ ಬೀಳುತ್ತದೆ. ಯಾವುದನ್ನು ಎಲ್ಲಿಡಬೇಕೆಂಬ ತೀರ್ಮಾನ ಈ ಅಳತೆ ಮಾಡಿದ ಮೇಲೆ ಆಗಬೇಕು. ಟೆಂಡರ್ ಕರೆದ ಮೇಲೆ ಅಳೆದು ಪ್ರಯೋಜನವಿಲ್ಲ.

ಹೈಬ್ರಿಡ್‌ನ ಬೆಲೆ ಗೊತ್ತಾದ ಒಂದು ದಿನವನ್ನು ಹೇಳುತ್ತೇನೆ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯುನಿಸೂಪರ್ ಎಂಬ ಪಿಂಚಣಿ ನಿಧಿಯ ಖಾಸಗಿ ಕ್ಲೌಡ್ ಗೂಗಲ್ ಕ್ಲೌಡ್‌ನಿಂದ ಅಳಿಸಿಹೋಯಿತು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದ ನಿಧಿ ಅದು. ದಾಳಿ ನಡೆದಿರಲಿಲ್ಲ. ಗೂಗಲ್ ಕೊಟ್ಟ ವಿವರಣೆಯಂತೆ, ಮೊದಲು ಅದನ್ನು ಕಟ್ಟಿಕೊಟ್ಟಾಗ ಒಳಗಿನ ಟೂಲ್‌ನಲ್ಲಿ ಒಂದು ಕಲಂ ಖಾಲಿ ಬಿಟ್ಟಿದ್ದರು; ಖಾಲಿ ಬಿಟ್ಟರೆ ಅವಧಿ ಒಂದು ವರ್ಷ ಎಂದು ಟೂಲ್ ತಾನೇ ಹಾಕಿಕೊಳ್ಳುತ್ತಿತ್ತು. ವರ್ಷ ತುಂಬಿತು, ಎಲ್ಲವೂ ಅಳಿಯಿತು. ಎರಡು ಕಡೆ ಪ್ರತಿಯಿತ್ತು, ಎರಡೂ ಹೋದವು, ಯಾಕೆಂದರೆ ಎರಡೂ ಒಂದೇ ಖಾತೆಯಡಿ ಇದ್ದವು. ಯುನಿಸೂಪರ್ ಬೇರೆ ಪೂರೈಕೆದಾರರ ಬಳಿಯೂ ಬ್ಯಾಕಪ್ ಇಟ್ಟಿತ್ತು. ಅಳಿಯದೆ ಉಳಿದಿದ್ದ ಬ್ಯಾಕಪ್‌ಗಳ ಬಲದಿಂದ ಅವರು ಮತ್ತೆ ಎದ್ದರು. ಡೇಜಾನ್‌ನ ಜಿ-ಡ್ರೈವ್‌ಗೂ ಇದಕ್ಕೂ ಇರುವ ವ್ಯತ್ಯಾಸ ಅಷ್ಟೇ, ಆದರೆ ಅದು ಎಷ್ಟು ದೊಡ್ಡ ವ್ಯತ್ಯಾಸ ನೋಡಿ.

ನಮ್ಮ ಹತ್ತಿರದ ಉದಾಹರಣೆ ಸಹಕಾರಿ ಬ್ಯಾಂಕಿನವರಿಗೆಲ್ಲ ನೆನಪಿರುತ್ತದೆ. 2024ರ ಜುಲೈ 31ರಂದು, ಸಣ್ಣ ಬ್ಯಾಂಕುಗಳಿಗೆ ಐಟಿ ಸೇವೆ ಕೊಡುವ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ ಡೇಟಾಕ್ಕೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿಯಾಗಿ, ಯುಪಿಐ ನಡೆಸುವ ಎನ್‌ಪಿಸಿಐ ಅದನ್ನು ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿತು. ಅದರ ಸೇವೆ ಪಡೆಯುತ್ತಿದ್ದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ಇಲ್ಲ, ಎಟಿಎಂ ಇಲ್ಲ. ಮರುದಿನ ಜೋಡಣೆ ಮರಳಿತು. ಎನ್‌ಪಿಸಿಐ ಮಾಡಿದ್ದು ಸರಿ; ಸೋಂಕು ಹರಡದಂತೆ ತಡೆಯಬೇಕಿತ್ತು. ನನ್ನನ್ನು ಕಾಡಿದ್ದು ಬೇರೆ. ಆ ಒಂದು ದಿನ ಅಷ್ಟೊಂದು ಬ್ಯಾಂಕುಗಳು ಕಾಯುವುದನ್ನು ಬಿಟ್ಟು ಏನೂ ಮಾಡುವ ಸ್ಥಿತಿಯಲ್ಲಿರಲಿಲ್ಲ. ಇಲ್ಲಿ ಡೇಟಾ ದೇಶದೊಳಗಿತ್ತು, ಸೇವೆ ಕೊಡುವವರು ದೇಶದವರು, ನಿಯಂತ್ರಕರು ದೇಶದವರು. ಅವಲಂಬನೆ ಮಾತ್ರ ಹಾಗೇ ಇತ್ತು.

ಹಾಗಾದರೆ ಕಲಿಯಬೇಕಾದದ್ದೇನು? ನನ್ನ ಸಲಹೆ ಒಂದು ಅಭ್ಯಾಸದ ರೂಪದಲ್ಲಿದೆ: ನೀವು ಯಾವ ಪದರದಲ್ಲಿ ಕೆಲಸ ಮಾಡುತ್ತೀರೋ ಅದರ ಕೆಳಗಿನ ಪದರವನ್ನು ಒಮ್ಮೆ ಕೈಯಾರೆ ಕಟ್ಟಿ ನೋಡಿ. ಕನ್ಸೋಲ್‌ನಲ್ಲಿ ಬಟನ್ ಒತ್ತಿ ವರ್ಚುವಲ್ ಮಷೀನ್ (ಒಂದು ಯಂತ್ರದೊಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಇನ್ನೊಂದು ಯಂತ್ರ) ಮಾಡುವವರು ಒಂದು ಹಳೆಯ ಡೆಸ್ಕ್‌ಟಾಪ್‌ನಲ್ಲಿ ಅದಕ್ಕೆ ಬೇಕಾದ ಲಿನಕ್ಸ್‌ನ ಕೆವಿಎಂ ಹಾಕಿ ಅದೇ ಮಷೀನನ್ನು ಕಮಾಂಡ್‌ನಿಂದ ಎಬ್ಬಿಸಲಿ. ಅನೇಕ ಯಂತ್ರಗಳಲ್ಲಿ ಅಪ್ಲಿಕೇಶನ್ ನಡೆಸುವ ಕುಬರ್ನೆಟಿಸ್ ಸಾಫ್ಟ್‌ವೇರನ್ನು ಸಿದ್ಧ ಸೇವೆಯಾಗಿ ಬಳಸುವವರು ಮೂರು ಯಂತ್ರಗಳಲ್ಲಿ ಅದನ್ನು ಮೊದಲಿನಿಂದ ಕಟ್ಟಲಿ, ಆಮೇಲೆ ಅದರ ಡೇಟಾಬೇಸ್ ಆದ ಇಟಿಸಿಡಿ ಅಳಿಸಿ ಬ್ಯಾಕಪ್‌ನಿಂದ ಮರಳಿ ತರಲಿ. ಸ್ಟೋರೇಜ್ ಬಳಸುವವರು ಸೆಫ್ ಎಂಬ ಮುಕ್ತ ಸ್ಟೋರೇಜ್ ಸಾಫ್ಟ್‌ವೇರ್ ಹಾಕಿ ಒಂದು ಡಿಸ್ಕ್ ಕಿತ್ತು ಏನಾಗುತ್ತದೆ ನೋಡಲಿ. ಸ್ವಂತ ಕ್ಲೌಡ್ ಕಟ್ಟಲು ಬಳಸುವ ಮುಕ್ತ ಸಾಫ್ಟ್‌ವೇರ್ ಓಪನ್‌ಸ್ಟ್ಯಾಕ್ ಹಳೆಯದಾಯಿತು ಎನ್ನುತ್ತಾರೆ. 2010ರಲ್ಲಿ ನಾಸಾ ಮತ್ತು ರ‍್ಯಾಕ್‌ಸ್ಪೇಸ್ ಶುರು ಮಾಡಿದ ಅದು ಇವತ್ತೂ ಯೂರೋಪಿನ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನಂಥ ಕಡೆ ದುಡಿಯುತ್ತಿದೆ. ಕ್ಲೌಡ್‌ನ ಒಳಗೆ ಏನೇನಿದೆ ಎಂದು ಬಿಚ್ಚಿ ನೋಡಲು ಅದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಕೆಳಗಿನ ಪದರ ಗೊತ್ತಿದ್ದವರಿಗೇ ಆಯ್ಕೆ ಇರುತ್ತದೆ ಎಂಬುದನ್ನು ಈಚಿನ ವರ್ಷಗಳು ತೋರಿಸಿವೆ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಕಂಪನಿ, ವರ್ಚುವಲ್ ಮಷೀನ್ ಸಾಫ್ಟ್‌ವೇರ್ ಮಾಡುವ ವಿಎಂವೇರನ್ನು ಕೊಂಡು, ಮರುತಿಂಗಳೇ ಶಾಶ್ವತ ಲೈಸೆನ್ಸ್ ಮಾರುವುದನ್ನು ನಿಲ್ಲಿಸಿ ಎಲ್ಲವನ್ನೂ ಚಂದಾಗೆ ಬದಲಿಸಿತು. ಸ್ವಂತ ಡೇಟಾ ಸೆಂಟರ್ ಇದ್ದವರೂ ಸಿಕ್ಕಿಬಿದ್ದರು. ಲಿನಕ್ಸ್ ಮತ್ತು ಕೆವಿಎಂ ಬಲ್ಲ ತಂಡಗಳು ಬದಲಿ ದಾರಿ ಹುಡುಕಿದವು, ಉಳಿದವರು ಕೇಳಿದಷ್ಟು ಕೊಟ್ಟರು. ಅದೇ ವರ್ಷದ ಆಗಸ್ಟ್‌ನಲ್ಲಿ, ಕ್ಲೌಡ್ ವ್ಯವಸ್ಥೆಯನ್ನು ಕೋಡ್‌ನಿಂದ ಕಟ್ಟುವ ಟೂಲ್ ಆದ ಟೆರಾಫಾರ್ಮ್‌ನ ಲೈಸೆನ್ಸ್ ಬದಲಾದಾಗ ಸಮುದಾಯ ಓಪನ್‌ಟೋಫು ಎಂಬ ಕವಲು ತೆಗೆಯಿತು. ಕೋಡ್ ಓದಬಲ್ಲವರು ಇದ್ದದ್ದರಿಂದ ಅದು ಸಾಧ್ಯವಾಯಿತು.

ಸರ್ಟಿಫಿಕೇಟ್ ಬೇಕೇ ಎಂದು ಎಲ್ಲ ಕಡೆ ಕೇಳುತ್ತಾರೆ. ಬೇಕು, ಕೆಲಸದ ಬಾಗಿಲು ತೆರೆಯುತ್ತದೆ. ಆದರೆ ನಾಲ್ಕು ಉತ್ತರದಲ್ಲಿ ಒಂದಕ್ಕೆ ಗುರುತು ಹಾಕುವ ಪರೀಕ್ಷೆಗಿಂತ, ನಿಜವಾದ ಯಂತ್ರ ಕೊಟ್ಟು ಸರಿಪಡಿಸಿ ಎನ್ನುವ ಆರ್‌ಎಚ್‌ಸಿಎಸ್‌ಎ (ಲಿನಕ್ಸ್), ಸಿಕೆಎ (ಕುಬರ್ನೆಟಿಸ್) ಥರದ ಪರೀಕ್ಷೆಗಳನ್ನು ಮೊದಲು ಬರೆಯಿರಿ. ಕೇಂದ್ರ ಸರ್ಕಾರದ ಸಂಸ್ಥೆ ಸಿ-ಡ್ಯಾಕ್ ನಡೆಸುವ ಐಟಿ ಮೂಲಸೌಕರ್ಯ, ವ್ಯವಸ್ಥೆ ಮತ್ತು ಭದ್ರತೆಯ ಸ್ನಾತಕೋತ್ತರ ಡಿಪ್ಲೊಮಾ ಕೂಡ ಒಳ್ಳೆಯ ದಾರಿ. ಒಂದೇ ಕಂಪನಿಯ ಐದು ಸರ್ಟಿಫಿಕೇಟ್‌ಗಿಂತ ಒಂದು ಕಂಪನಿಯದು, ಒಂದು ಲಿನಕ್ಸ್, ಒಂದು ನೆಟ್‌ವರ್ಕಿಂಗ್ ಇದ್ದರೆ ನಾನು ಆ ಅಭ್ಯರ್ಥಿಯನ್ನು ಮೊದಲು ಮಾತಿಗೆ ಕರೆಯುತ್ತೇನೆ.

ಇನ್ನು ಯೂರೋಪಿಗೆ ಕೆಲಸ ಮಾಡುವ ನಮ್ಮವರಿಗೆ ಒಂದು ಮಾತು. ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಕೂತು ಜರ್ಮನಿ, ಫ್ರಾನ್ಸಿನ ಸರ್ವರ್‌ಗಳನ್ನು ನೋಡಿಕೊಳ್ಳುವವರು ಬಹಳ ಜನ ಇದ್ದೀರಿ. ಅಲ್ಲಿ ಬರುತ್ತಿರುವ ಸಾರ್ವಭೌಮ ಕ್ಲೌಡ್‌ಗಳು ನಿಮ್ಮ ಕೆಲಸವನ್ನು ನೇರವಾಗಿ ಮುಟ್ಟುತ್ತವೆ. ಜರ್ಮನಿಯ ಬ್ರಾಂಡನ್‌ಬುರ್ಗ್‌ನಲ್ಲಿ ಎಡಬ್ಲ್ಯುಎಸ್ ಕಟ್ಟಿದ ಐರೋಪ್ಯ ಸಾರ್ವಭೌಮ ಕ್ಲೌಡನ್ನು ಐರೋಪ್ಯ ಒಕ್ಕೂಟದೊಳಗೆ ಇರುವ ಸಿಬ್ಬಂದಿಯೇ ನಡೆಸಬೇಕೆಂಬುದು ಅದರ ಮೂಲ ಷರತ್ತು. ಸುರಕ್ಷಿತ ಕ್ಲೌಡ್‌ಗಳಿಗೆ ಫ್ರಾನ್ಸ್ ಸರ್ಕಾರ ಕೊಡುವ ಸೆಕ್‌ನ್ಯೂಮ್‌ಕ್ಲೌಡ್ ಅರ್ಹತೆಯೂ ಆಡಳಿತ ಯೂರೋಪಿನಿಂದಲೇ ಆಗಬೇಕೆನ್ನುತ್ತದೆ. ಅಂದರೆ ವೈಟ್‌ಫೀಲ್ಡ್‌ನಿಂದ ಲಾಗಿನ್ ಆಗುವ ಕೆಲಸ ಆ ಭಾಗದಲ್ಲಿ ಕಡಿಮೆಯಾಗುತ್ತದೆ. ಉಳಿಯುವುದು ವಿನ್ಯಾಸ, ಆಟೊಮೇಶನ್ ಕೋಡ್, ಪರೀಕ್ಷೆ, ಸ್ಥಳಾಂತರದ ಯೋಜನೆ, ಅಂದರೆ ಲಾಗಿನ್ ಇಲ್ಲದೆ ಮಾಡಬಹುದಾದ ಕೆಲಸ. ಯೂರೋಪಿನ ಡೇಟಾ ಕಾಯಿದೆಯಂತೆ 2027ರ ಜನವರಿ 12ರಿಂದ ಕ್ಲೌಡ್ ಬದಲಿಸುವ ಗ್ರಾಹಕರಿಂದ ಅದಕ್ಕಾಗಿ ಶುಲ್ಕ ವಸೂಲಿ ಮಾಡುವಂತಿಲ್ಲ. ಸ್ಥಳಾಂತರ ಬಲ್ಲವರಿಗೆ ಬೇಡಿಕೆ ಬರುತ್ತದೆ ಎಂಬುದು ನನ್ನ ಅಂದಾಜು. ರಾತ್ರಿ ಪಾಳಿಯಲ್ಲಿ ಟಿಕೆಟ್ ಮುಚ್ಚುವ ಕೆಲಸದಲ್ಲಿರುವವರು ಈಗಲೇ ಆ ಕಡೆ ತಿರುಗಿದರೆ ಒಳ್ಳೆಯದು.

ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದದ್ದು ರಿಸ್ಟೋರ್ ಅಭ್ಯಾಸ, ಅಂದರೆ ಬ್ಯಾಕಪ್‌ನಿಂದ ಎಲ್ಲವನ್ನೂ ಮರಳಿ ತಂದು ನೋಡುವುದು. ಬ್ಯಾಕಪ್ ಯಶಸ್ವಿ ಎಂಬ ಹಸಿರು ಗುರುತು ಪ್ರತಿ ರಾತ್ರಿ ಬರುತ್ತದೆ. ಅದು ಹೇಳುವುದು ಏನೋ ಬರೆಯಲಾಯಿತು ಎಂದಷ್ಟೇ. ಬರೆದದ್ದರಿಂದ ಬ್ಯಾಂಕನ್ನು ತೆರೆಯಬಹುದೇ ಎಂದು ಅದು ಹೇಳುವುದಿಲ್ಲ. ಅದಕ್ಕೆ ಖಾಲಿ ಯಂತ್ರದ ಮೇಲೆ ಮರಳಿ ಹಾಕಿಯೇ ನೋಡಬೇಕು. ಹಾಕಿ ನೋಡಿದಾಗ ಗೊತ್ತಾಗುವ ಸಂಗತಿಗಳು ಬೇರೆಯೇ: ಡೇಟಾಬೇಸ್ ಬಂತು, ಅದರ ಪಾಸ್‌ವರ್ಡ್ ಇದ್ದ ಸರ್ವರ್ ಬರಲಿಲ್ಲ. ಎಲ್ಲವೂ ಬಂತು, ಲೈಸೆನ್ಸ್ ಹಳೆಯ ಯಂತ್ರದ ಸಂಖ್ಯೆಗೆ ಅಂಟಿಕೊಂಡಿದೆ. ಬ್ಯಾಕಪ್ ಎನ್‌ಕ್ರಿಪ್ಟ್ ಆಗಿದೆ, ಅದರ ಕೀ ಸುಟ್ಟುಹೋದ ಸರ್ವರ್‌ನಲ್ಲೇ ಇತ್ತು. ಎಷ್ಟು ಹೊತ್ತಿನಲ್ಲಿ ಎದ್ದೆವು, ಎಷ್ಟು ಹೊತ್ತಿನ ವ್ಯವಹಾರ ಕಳೆದುಕೊಂಡೆವು, ಈ ಎರಡು ಸಂಖ್ಯೆಗಳನ್ನು ಪ್ರತಿ ಸಲ ಬರೆದಿಡಿ. ಆಡಳಿತ ಮಂಡಳಿಗೆ ತೋರಿಸಿ ಬಜೆಟ್ ಕೇಳಲು ಇವಕ್ಕಿಂತ ಗಟ್ಟಿಯಾದ ಕಾಗದ ನಿಮ್ಮ ಬಳಿ ಇರುವುದಿಲ್ಲ. ಐಟಿ ಹೊರಗುತ್ತಿಗೆ ಕೊಡುವಾಗ ಹೊರಬರುವ ಯೋಜನೆಯೂ ಇರಬೇಕೆಂದು ರಿಸರ್ವ್ ಬ್ಯಾಂಕ್ ಕೇಳುತ್ತದೆ. ಬಹಳ ಕಡೆ ಆ ಯೋಜನೆ ಫೈಲಿನಲ್ಲಿ ಮಲಗಿರುತ್ತದೆ. ಒಂದು ಸಣ್ಣ ವ್ಯವಸ್ಥೆಯನ್ನಾದರೂ ಆರಿಸಿಕೊಂಡು ಅದನ್ನು ನಿಜವಾಗಿ ಬೇರೆಡೆ ಎಬ್ಬಿಸಿ ನೋಡಿ.

ಇನ್ನು ಪ್ರಶ್ನೆಗಳು. ಸಹಕಾರಿ ಬ್ಯಾಂಕಿನ ಒಬ್ಬರು ಕೇಳಿದರು: “ಸಾರ್, ನಮ್ಮಲ್ಲಿ ಐಟಿಗೆ ಇರೋದು ಇಬ್ಬರೇ. ಎಚ್‌ಎಸ್‌ಎಂ, ಓಪನ್‌ಸ್ಟ್ಯಾಕ್ ಎಲ್ಲ ನಮ್ಮಿಂದ ಆಗುತ್ತಾ?”

ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ನಿಮ್ಮ ಇಬ್ಬರಿಂದ ಆಗಬಹುದಾದ್ದು ಬೇರೆ ಇದೆ. ಮೊದಲು ಸೇವೆ ಕೊಡುವವರ ಒಪ್ಪಂದ ತೆಗೆದು ಓದಿ. ಒಪ್ಪಂದ ಮುಗಿದ ದಿನ ಡೇಟಾ ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ ಕೊಡುತ್ತಾರೆ ಎಂದು ಬರೆದಿದೆಯೇ ನೋಡಿ. ಬರೆದಿಲ್ಲವಾದರೆ ನವೀಕರಣದ ಹೊತ್ತಿಗೆ ಬರೆಸಿ. ತಿಂಗಳಿಗೊಮ್ಮೆ ಖಾತೆಗಳ ಬಾಕಿಯ ಪ್ರತಿಯನ್ನು ಸಾಮಾನ್ಯ ಫೈಲ್ ರೂಪದಲ್ಲಿ ತರಿಸಿ, ಎನ್‌ಕ್ರಿಪ್ಟ್ ಮಾಡಿ ನಿಮ್ಮಲ್ಲೇ ಇಟ್ಟುಕೊಳ್ಳಿ. ಪಕ್ಕದ ತಾಲ್ಲೂಕುಗಳ ನಾಲ್ಕೈದು ಬ್ಯಾಂಕುಗಳು ಸೇರಿ ಒಬ್ಬ ಒ‌ಳ್ಳೆಯ ಎಂಜಿನಿಯರನ್ನು ಜಂಟಿಯಾಗಿ ಇಟ್ಟುಕೊಳ್ಳಬಹುದು. ಸಹಕಾರ ಕ್ಷೇತ್ರಕ್ಕೆ ಕೂಡಿ ಮಾಡುವುದನ್ನು ಹೊಸದಾಗಿ ಕಲಿಸಬೇಕಿಲ್ಲ. ಅದೇ ಹಾದಿಯಲ್ಲಿ ರಿಸರ್ವ್ ಬ್ಯಾಂಕ್ ಕೂಡ ಹಣಕಾಸು ಕ್ಷೇತ್ರಕ್ಕಾಗಿ ಪ್ರತ್ಯೇಕ ಕ್ಲೌಡ್ ಸ್ಥಾಪಿಸುವುದಾಗಿ 2023ರ ಡಿಸೆಂಬರ್‌ನಲ್ಲಿ ಹೇಳಿದೆ. ಅದರ ಬೆಳವಣಿಗೆಯನ್ನು ಗಮನಿಸುತ್ತಿರಿ.

ಇನ್ನೊಬ್ಬ ವಿದ್ಯಾರ್ಥಿನಿಯ ಪ್ರಶ್ನೆ: “ನಾನು ಕನ್ನಡ ಮಾಧ್ಯಮದಿಂದ ಬಂದವಳು. ಈ ಕ್ಷೇತ್ರದಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿದೆ. ನನ್ನಂಥವರು ಏನು ಮಾಡಬೇಕು?”

ಇಂಗ್ಲಿಷ್ ಓದುವುದನ್ನು ಬಿಡಬೇಡಮ್ಮ, ದಾಖಲೆಗಳೆಲ್ಲ ಅದರಲ್ಲೇ ಇವೆ, ಓದುತ್ತ ಓದುತ್ತ ಬಂದುಬಿಡುತ್ತದೆ. ಅದರ ಜೊತೆಗೆ ನಿನ್ನಿಂದಲೇ ಆಗಬೇಕಾದ ಒಂದು ಕೆಲಸವಿದೆ. ಡೇಟಾ ಸೆಂಟರಿನಲ್ಲಿ ರಾತ್ರಿ ಪಾಳಿಯಲ್ಲಿ ಇರುವವರು, ಜನರೇಟರ್ ನೋಡಿಕೊಳ್ಳುವವರು, ತಾಲ್ಲೂಕು ಕಚೇರಿಯ ಆಪರೇಟರುಗಳು, ಬ್ಯಾಂಕ್ ಶಾಖೆಯ ಸಿಬ್ಬಂದಿ, ಇವರ ಕೈಗೆ ನಾವು ಇಂಗ್ಲಿಷಿನ ನಲವತ್ತು ಪುಟದ ರನ್‌ಬುಕ್ (ಏನಾದರೆ ಏನು ಮಾಡಬೇಕೆಂಬ ಕೈಪಿಡಿ) ಕೊಟ್ಟಿರುತ್ತೇವೆ. ಬೆಂಕಿ ಬಿದ್ದ ಹೊತ್ತಿನಲ್ಲಿ ಅದನ್ನು ಯಾರೂ ಓದುವುದಿಲ್ಲ. ಯಾವ ಸ್ವಿಚ್ ಮೊದಲು, ಯಾವುದನ್ನು ಮುಟ್ಟಬಾರದು, ಯಾರಿಗೆ ಫೋನ್, ಲಿಂಕ್ ಹೋದರೆ ಕೌಂಟರಿನಲ್ಲಿ ಏನು ಮಾಡಬೇಕು ಎಂದು ಒಂದೊಂದು ಪುಟದಲ್ಲಿ ಕನ್ನಡದಲ್ಲಿ ಬರೆ. ಕಮಾಂಡ್ ಇದ್ದ ಹಾಗೇ ಇರಲಿ, ಸುತ್ತಲಿನ ಮಾತು ಕನ್ನಡದಲ್ಲಿರಲಿ. ಬರೆದದ್ದನ್ನು ಪಾಳಿಯವರ ಕೈಗೆ ಕೊಟ್ಟು, ನೀನು ಪಕ್ಕದಲ್ಲಿ ಮಾತಾಡದೆ ನಿಂತು, ಅದನ್ನು ಓದಿಕೊಂಡೇ ಅವರು ಒಂದು ಸರ್ವರ್ ಎಬ್ಬಿಸುತ್ತಾರೆಯೇ ನೋಡು. ಎಲ್ಲಿ ತಡವರಿಸುತ್ತಾರೋ ಆ ಸಾಲನ್ನು ತಿದ್ದು. ಇಂಟರ್ನ್‌ಶಿಪ್‌ಗೆ ಹೋದಾಗ ಇದನ್ನೇ ಪ್ರಾಜೆಕ್ಟ್ ಆಗಿ ಕೇಳಿಕೊ.